ಮನೆಯೆದುರಿನ ಗೋಡೆ

(ವೇದಭಾಗ: ನೆಹೆಮೀಯ 3ನೆಯ ಅಧ್ಯಾಯ)

ನೆಹೆಮೀಯನ ಗ್ರಂಥದ ಮೂರನೆಯ ಅಧ್ಯಾಯವನ್ನು ನಮ್ಮಲ್ಲಿ ಅನೇಕರು ಓದದೆ ದಾಟಿಬಿಡುವದುಂಟು. ಅದರಲ್ಲಿ ಅದ್ಭುತವಿಲ್ಲ, ಸಾಮ್ಯವಿಲ್ಲ, ಪ್ರವಾದನೆಯಿಲ್ಲ. ಬರೀ ಹೆಸರುಗಳೇ ಇರುವವು. ಸೆರೆಯಿಂದ ತಿರಿಗಿ ಬಂದ ಜನರು ಯೆರೂಸಲೇಮಿನ ಹಾಳುಬಿದ್ದ ಗೋಡೆಯನ್ನು ಹೇಗೆ ಪಾಲು ಪಾಲಾಗಿ ಹಂಚಿಕೊಂಡು ಕಟ್ಟಿದರೆಂಬ ಪಟ್ಟಿಯು ಅದು. ಮಹಾಯಾಜಕನಿಂದ ಆರಂಭವಾಗಿ ಅಕ್ಕಸಾಲಿಗರು, ಸುಗಂಧದ್ರವ್ಯ ಮಾಡುವವರು, ವರ್ತಕರು, ಸೀಮೆಗಳ ಅಧಿಪತಿಗಳು, ದೇವಾಲಯದ ಸೇವಕರು, ಹೆಣ್ಣುಮಕ್ಕಳು ಒಬ್ಬರ ಮಗ್ಗುಲಲ್ಲಿ ಒಬ್ಬರು ನಿಲ್ಲುತ್ತಾರೆ. ಇವರಲ್ಲಿ ಒಬ್ಬನನ್ನಾದರೂ ಕಲ್ಲುಕೆಲಸದವನೆಂದು ಬರೆದಿರುವದಿಲ್ಲ. ಆದಾಗ್ಯೂ 52 ದಿವಸಗಳಲ್ಲಿ ಗೋಡೆ ಮುಗಿಯಿತು.

ಈ ಪಟ್ಟಿಯನ್ನು ಈಗ ತೆರೆಯುವದಕ್ಕೆ ಕಾರಣವುಂಟು. ಬೆಂಗಳೂರಿನ ಪಡುವಣ ಕಡೆಯಲ್ಲಿ, ಅಂದರೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿಯೂ, ಮೈಸೂರು ರಸ್ತೆಯ ಕೆಂಗೇರಿಯಲ್ಲಿಯೂ, ಅದರಾಚೆಯ ಹಳ್ಳಿಗಳಲ್ಲಿಯೂ ಊರು ಬೆಳೆದು ಹೊಲಗಳನ್ನು ನುಂಗಿತು. 2021ರಲ್ಲಿ ಮೆಟ್ರೋ ರೈಲು ಕೆಂಗೇರಿಯ ತನಕ ಬಂದಿತು. ಊರು ಬದಲಾದಾಗ ಪ್ರಾರ್ಥನಾಲಯವೂ ಬದಲಾಗಬೇಕೆಂಬ ಮಾತು ಏಳುವದು ಸಹಜ. 30 ಅಡಿಗೆ 40 ಅಡಿಯ ನಿವೇಶನದಲ್ಲಿ ಕೂಡಿಬರುವ ಹೊಸ ಸಭೆಯು ಮಹಡಿಯ ಮೇಲೆ ಮಹಡಿ ಏರಿಸಬೇಕೆನ್ನುತ್ತದೆ. ಹಳ್ಳಿಯ ಹಳೇ ಸಭೆಯು ಹೆಂಚಿನ ಮಾಡನ್ನು ಇಳಿಸಿ ಕಾಂಕ್ರೀಟು ಹಾಕಬೇಕೆನ್ನುತ್ತದೆ. ಇದರಲ್ಲಿ ಪಾಪವೇನೂ ಇಲ್ಲ. ಆದರೆ ನಕ್ಷೆಯ ಕಾಗದವು ಸಭೆಯ ಕಣ್ಣಿಗೆ ಬೀಳುವಷ್ಟರೊಳಗೆ ಎಲ್ಲವೂ ತೀರ್ಮಾನವಾಗಿ ಹೋದರೆ, ಸಭೆಗೆ ಉಳಿಯುವ ಕೆಲಸ ಯಾವದು? ಕಾಣಿಕೆ ಕೊಡುವದು, ಮತ್ತು ಪ್ರತಿಷ್ಠೆಯ ದಿನ ಊಟಕ್ಕೆ ಬರುವದು. ದೇವರ ಮನೆಯು ಈ ರೀತಿಯಾಗಿ ಕಟ್ಟಲ್ಪಡಬಹುದೋ ಎಂದು ನಾವು ವಿಚಾರಿಸತಕ್ಕದ್ದು.

ನೆಹೆಮೀಯನು ಮೊದಲು ಏನು ಮಾಡಿದನು? ಅರಸನ ಪತ್ರಗಳೂ ಮರದ ಅಪ್ಪಣೆಯೂ ಅವನ ಕೈಯಲ್ಲಿದ್ದವು. ಆದರೂ ಅವನು ಮೂರು ದಿವಸ ಸುಮ್ಮನಿದ್ದು, ರಾತ್ರಿಯಲ್ಲಿ ಕೆಲವರನ್ನು ಮಾತ್ರ ಕರಕೊಂಡು ಗೋಡೆಯ ಸುತ್ತಲೂ ಹೋಗಿ, ಬಿರುಕುಗಳನ್ನು ತನ್ನ ಕಣ್ಣಾರೆ ನೋಡಿದನು. ಆ ಮೇಲೆ ಜನರನ್ನು ಕೂಡಿಸಿ ಮಾತಾಡಿದನು. ನಮ್ಮ ಹಿರಿಯರೂ ಮಳೆಗಾಲದ ಒಂದು ರಾತ್ರಿ ದೀಪ ಹಿಡಿದು ದೇವಾಲಯದೊಳಗೆ ನಿಂತು ನೋಡಲಿ. ನೀರು ಎಲ್ಲಿಂದ ಇಳಿಯುತ್ತದೆ? ಹೆಂಚು ಒಡೆದದ್ದರಿಂದಲೋ, ರೀಪಿಗೆ ಗೆದ್ದಲು ಹಿಡಿದು ಸಾಲು ಜಗ್ಗಿದ್ದರಿಂದಲೋ? ಹತ್ತು ಹೆಂಚು ಬದಲಿಸಿ ನಾಲ್ಕು ರೀಪು ಹಾಕಿದರೆ ತೀರುವ ಕಾರ್ಯಕ್ಕೆ ಮಾಡನ್ನೇ ಕೆಡವುವದು, ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾದೀತು.

ಆ ಹೆಂಚನ್ನು ತುಚ್ಛವಾಗಿ ಎಣಿಸಬಾರದು. ಬಾಸೆಲ್ ಮಿಶನಿನ ಗೇಯೋರ್ಗ್ ಪ್ಲೆಬ್ಸ್ಟ್ ಎಂಬವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರಖಾನೆಯನ್ನು ಆರಂಭಿಸಿದರು. ಕ್ರಿಸ್ತನನ್ನು ಒಪ್ಪಿಕೊಂಡ ನಿಮಿತ್ತ ಮನೆಯನ್ನೂ ಕಸಬನ್ನೂ ಕಳಕೊಂಡವರಿಗೆ ಕೈತುಂಬ ಕೆಲಸ ಸಿಕ್ಕಬೇಕೆಂಬದು ಆ ಮಿಶನಿನ ಕೈಗಾರಿಕೆಗಳ ಒಂದು ಮುಖ್ಯ ಉದ್ದೇಶವಾಗಿತ್ತು. ಮಂಗಳೂರು ಹೆಂಚೆಂಬ ಹೆಸರು ಸಮುದ್ರದಾಚೆಗೂ ಹೋಯಿತು. ಅಂಥ ಮಾಡಿನ ಕೆಳಗೆ ಕೂತು ಹಾಡುವವರು, ತಮ್ಮಂಥ ಬಡ ವಿಶ್ವಾಸಿಗಳು ಮಣ್ಣು ಕಲಸಿ ಸುಟ್ಟದ್ದರ ಕೆಳಗೆ ಕೂತಿದ್ದಾರೆ. ಬೇಸಿಗೆಯಲ್ಲಿ ತಗಡಿನ ಕೆಳಗೆ ಕೂತು ನೋಡಿದವರಿಗೆ ಹೆಂಚಿನ ತಂಪು ಏನೆಂದು ನಾವು ಹೇಳಬೇಕಾಗಿಲ್ಲ.

ಹಳೇ ಗೋಡೆಗಳ ವಿಷಯದಲ್ಲಿಯೂ ಒಂದು ಮಾತು ಹೇಳುವದು ಅವಶ್ಯ. ಹಿಂದಿನವರು ಸುಣ್ಣ, ಮರಳು ಅರೆದು, ಅದಕ್ಕೆ ಬೆಲ್ಲದ ನೀರನ್ನೂ ಅಳಲೆಕಾಯಿಯ ನೀರನ್ನೂ ಹಾಕಿ ಗಾರೆ ಮಾಡುತ್ತಿದ್ದರು. ಗಾರೆಯ ಗೋಡೆಯು ಒಳಗಿನ ತೇವವನ್ನು ಸಾವಕಾಶವಾಗಿ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದು ಅದರ ಮೇಲೆ ಹೊಳೆಯುವ ಬಣ್ಣ ಹಚ್ಚಿದರೆ ತೇವವು ಒಳಗೇ ಕಟ್ಟಿಬಿದ್ದು, ಎರಡು ಮೂರು ಮಳೆಗಾಲಗಳಲ್ಲಿ ಬಣ್ಣವು ಹೊಪ್ಪಳೆಯಾಗಿ ಏಳುವದು. ಆಗ ಗೋಡೆ ಕೆಟ್ಟಿತೆಂದು ದೂರುತ್ತೇವೆ. ಸುಣ್ಣದ ಗೋಡೆಗೆ ಸುಣ್ಣವೇ ಮದ್ದು. ಸಭೆಯಲ್ಲಿ ಗಾರೆಯ ಕೆಲಸ ಬಲ್ಲ ಮುದುಕನೊಬ್ಬನಿದ್ದರೆ, ಪೇಟೆಯಿಂದ ಬರುವ ಗುತ್ತಿಗೆದಾರನಿಗಿಂತ ಮೊದಲು ಅವನನ್ನು ಕರೆಯಿರಿ. ಅವನು ಓದು ಬರಹ ಅರಿಯದವನಾದರೇನು? ಅರಣ್ಯದಲ್ಲಿ ಗುಡಾರವನ್ನು ಕಟ್ಟಿಸಿದಾಗ ಕರ್ತನು ತನ್ನ ಆತ್ಮನಿಂದ ತುಂಬಿಸಿದೆನೆಂದು ಹೇಳಿದ್ದು ಬೆಚಲೇಲನೆಂಬ ಕೈಕಸಬಿನವನನ್ನು.

ಇನ್ನು ಜನರನ್ನು ಕೇಳುವ ವಿಷಯ. ಯಾರನ್ನು ಕೇಳಬೇಕು? ಹಿರಿಯರ ಮಂಡಲಿಯು ಕೂಡಿ ನಿರ್ಣಯಿಸಿದರೆ ಸಭೆಯನ್ನೆಲ್ಲಾ ಕೇಳಿದಂತಾಯಿತೆಂಬ ಭಾವನೆಯು ನಮ್ಮಲ್ಲಿ ಬಲವಾಗಿದೆ. ಆದರೆ ಕಂಕುಳಲ್ಲಿ ಕೂಸಿರುವ ತಾಯಿಯು ಎಲ್ಲಿ ಕೂಡುತ್ತಾಳೆಂಬದನ್ನು ಹಿರಿಯರು ಬಲ್ಲರೋ? ಕೂಸು ಅತ್ತ ಕೂಡಲೆ ಎಲ್ಲರೂ ತಿರಿಗಿ ನೋಡುವದರಿಂದ ಅವಳು ಬಾಗಲಿನ ಹೊರಗೆ ಬಿಸಿಲಲ್ಲಿ ನಿಂತು ಪ್ರಸಂಗ ಕೇಳುತ್ತಾಳೆ. ಪಕ್ಕದಲ್ಲಿ ಒಂದು ಜಗಲಿಯೂ ಅದಕ್ಕೆ ತೆರೆದ ಕಿಟಕಿಯೂ ಇದ್ದರೆ ಅವಳಿಗೆ ಸಾಕು. ಇದು ಯಾವ ನಕ್ಷೆಯಲ್ಲಿಯೂ ತಾನಾಗಿ ಬರುವದಿಲ್ಲ. ಅವಳನ್ನು ಕೇಳಿದರೇ ಬರುವದು. ಶನಿವಾರ ಸಾಯಂಕಾಲ ಕಸ ಗುಡಿಸುವವಳನ್ನು ಕೇಳಿದರೆ ನೆಲದಲ್ಲಿ ನೀರು ಎಲ್ಲಿ ನಿಲ್ಲುತ್ತದೆಂದು ಹೇಳುವಳು. ಹಿಂದಿನ ಸಾಲಿನ ಹುಡುಗರನ್ನು ಕೇಳಿದರೆ ಪ್ರಸಂಗವು ಹಿಂದಕ್ಕೆ ಕೇಳುವದೇ ಇಲ್ಲವೆನ್ನುವರು. ಬರಿದಾದ ದೊಡ್ಡ ಕಾಂಕ್ರೀಟು ಕೊಠಡಿಯಲ್ಲಿ ಒಂದು ಮಾತು ಎರಡಾಗಿ ಮೂರಾಗಿ ಗೋಡೆಗೆ ಬಡಿದು ಬರುವದರಿಂದ, ಎಷ್ಟು ಗಟ್ಟಿಯಾಗಿ ಕೂಗಿದರೂ ವಾಕ್ಯವು ತಿಳಿಯುವದಿಲ್ಲ. ಧ್ವನಿವರ್ಧಕವು ಆ ಗದ್ದಲವನ್ನು ಹೆಚ್ಚಿಸುವದೇ ಹೊರತು ನೀಗಿಸದು. ವಾಕ್ಯ ಕೇಳುವದಕ್ಕೆಂದು ಕಟ್ಟಿದ ಮನೆಯಲ್ಲಿ ವಾಕ್ಯವೇ ಕೇಳದಿದ್ದರೆ ಎಷ್ಟು ಲಕ್ಷ ಸುರಿದರೇನು?

ನೆಹೆಮೀಯನ ಪಟ್ಟಿಯಲ್ಲಿ ಶಲ್ಲೂಮನೆಂಬವನಿದ್ದಾನೆ. ಅವನು ಯೆರೂಸಲೇಮಿನ ಸೀಮೆಯ ಅರ್ಧ ಭಾಗಕ್ಕೆ ಅಧಿಪತಿ. ಅವನೂ ಅವನ ಕುಮಾರ್ತೆಯರೂ ಗೋಡೆ ಕಟ್ಟಿದರೆಂದು ಬರೆದದೆ. ಅಧಿಪತಿಯ ಹೆಣ್ಣುಮಕ್ಕಳು ಮಣ್ಣು ಹೊತ್ತರೆಂಬದು ಆ ಕಾಲದಲ್ಲಿ ಎಷ್ಟು ಮಂದಿಗೆ ನಗೆಯಾಗಿ ತೋರಿತೋ! ನಮ್ಮ ಹಳ್ಳಿಗಳಲ್ಲಾದರೋ ಮಣ್ಣು ಹೊರುವದು ಯಾವಾಗಲೂ ಹೆಂಗಸರ ಪಾಲಿಗೇ ಬಂದಿರುವದು. ಅವರಿಗೆ ಬಾರದೆ ಉಳಿದದ್ದು ನಕ್ಷೆಯ ಮುಂದೆ ಕೂತು ಬೇಕು ಬೇಡ ಎನ್ನುವ ಅಧಿಕಾರ.

ಅದೇ ಪಟ್ಟಿಯಲ್ಲಿ ಇನ್ನೊಂದು ಸಂಗತಿಯುಂಟು. ತೆಕೋವದ ಜನರು ಒಂದು ಪಾಲನ್ನು ಕಟ್ಟಿದರು. ಅವರ ಶ್ರೀಮಂತರು ಮಾತ್ರ ಈ ಕೆಲಸಕ್ಕೆ ಕತ್ತು ಬೊಗ್ಗಿಸಲಿಲ್ಲ. ಇದನ್ನು ನಾವು ಓದಿ ಶ್ರೀಮಂತರನ್ನು ಬೈದು ಸಂತೋಷಪಡುತ್ತೇವೆ. ಆದರೆ ಅದೇ ಅಧ್ಯಾಯದಲ್ಲಿ ಕೆಳಗೆ ಹೋದರೆ ತೆಕೋವದವರ ಹೆಸರು ಎರಡನೆಯ ಸಾರಿ ಬರುತ್ತದೆ. ದೊಡ್ಡವರು ಕೈಬಿಟ್ಟ ಮೇಲೆ ಬಡವರು ಮುನಿಸಿಕೊಂಡು ಮನೆಗೆ ಹೋಗದೆ ಮತ್ತೊಂದು ಪಾಲನ್ನೂ ತಕ್ಕೊಂಡರು. ನಮ್ಮ ಕಾಲದ ಶ್ರೀಮಂತನಾದರೋ ಹಣ ಕೊಡುವದರಲ್ಲಿ ಹಿಂದೆ ಬೀಳುವದಿಲ್ಲ. ಕೊಟ್ಟದ್ದಕ್ಕೆ ಕಲ್ಲಿನ ಮೇಲೆ ಹೆಸರು ಕೇಳುತ್ತಾನೆ. ಒಬ್ಬನ ಹೆಸರು ಬಾಗಲಿಗೆ, ಒಬ್ಬನದು ಕಿಟಕಿಗೆ, ಒಬ್ಬನದು ಬೆಂಚಿಗೆ. ಸ್ವಂತ ಖರ್ಚಿನಿಂದ ಹಾಕಿಸಿದ ಗಡಿಯಾರದ ಮೇಲೂ ಹೆಸರಿದ್ದರೆ, ಪ್ರಸಂಗ ಉದ್ದವಾದಾಗಲೆಲ್ಲಾ ಜನರು ಅವನನ್ನೇ ನೆನಸಿಕೊಳ್ಳುವರು!

ಬೆಂಗಳೂರಿನ ಪೇಟೆಯ ಅವೆನ್ಯೂ ರಸ್ತೆಯಲ್ಲಿ ರೈಸ್ ಸ್ಮಾರಕ ದೇವಾಲಯವಿದೆ. ಲಂಡನ್ ಮಿಶನಿನ ಬೆಂಜಮಿನ್ ರೈಸರು ಈ ಊರಲ್ಲಿ ಸುಮಾರು 50 ವರ್ಷ ಸೇವೆಮಾಡಿ 1887ರಲ್ಲಿ ತೀರಿಕೊಂಡರು. ಆ ಸ್ಥಳದಲ್ಲಿದ್ದ ಕನ್ನಡ ಸಭೆಯ ಹಳೇ ಪ್ರಾರ್ಥನಾಲಯವು 1913ರಲ್ಲಿ ಕುಸಿದುಬಿತ್ತು. ಮಾರನೆಯ ವರುಷವೇ ಯುರೋಪಿನಲ್ಲಿ ಮಹಾಯುದ್ಧವು ಹತ್ತಿತು. ಆದರೂ ಸಭೆಯು ಚದರಿಹೋಗದೆ 1917ರಲ್ಲಿ ಹೊಸ ಕಟ್ಟಡದಲ್ಲಿ ಕೂಡಿತು. ಅಲ್ಲಿಂದ ಕೂಗಳತೆಯಷ್ಟು ದೂರದಲ್ಲಿ ವೆಸ್ಲಿಯನ್ ಮಿಶನಿನ ಜೋಸಾಯ ಹಡ್ಸನರ ಸ್ಮಾರಕವಾಗಿ 1904ರಲ್ಲಿ ಪ್ರತಿಷ್ಠಿತವಾದ ಕನ್ನಡ ದೇವಾಲಯವುಂಟು. 1947ರಲ್ಲಿ ದಕ್ಷಿಣ ಇಂಡಿಯ ಸಭೆಯು ಕೂಡಿಬಂದ ಮೇಲೆ ಎರಡು ಮಿಶನುಗಳ ಈ ಎರಡು ಸಭೆಗಳೂ ಒಂದೇ ಸಭೆಯ ಅಂಗಗಳಾದವು. ಈ ಇಬ್ಬರು ಪುಣ್ಯಪುರುಷರ ಹೆಸರು ಕಟ್ಟಡಗಳ ಮೇಲಿರುವದನ್ನು ನಾವು ಆಕ್ಷೇಪಿಸುವದಿಲ್ಲ. ಸತ್ತವರನ್ನು ಗೌರವಿಸಿ ಇಟ್ಟ ಹೆಸರದು, ಬದುಕಿರುವಾಗ ಕೇಳಿ ತಕ್ಕೊಂಡದ್ದಲ್ಲ. ಆದರೆ ಅಲ್ಲಿ ಕಲ್ಲು ಹೊತ್ತವರ, ಸುಣ್ಣ ಅರೆದವರ ಹೆಸರುಗಳನ್ನು ಯಾರು ಬಲ್ಲರು? ನೆಹೆಮೀಯನು ಅಂಥವರನ್ನು ಬರೆದಿಟ್ಟನು. ನಿಮ್ಮ ಊರಲ್ಲಿ ಕೆಲಸ ನಡೆಯುವಾಗ ಸಭಾಪಾಲಕರು ಒಂದು ಪುಸ್ತಕ ಇಟ್ಟು, ರೂಪಾಯಿ ಕೊಟ್ಟವನನ್ನೂ ಒಂದು ದಿವಸದ ಮೈಕೆಲಸ ಕೊಟ್ಟವಳನ್ನೂ ಒಂದೇ ಸಾಲಿನಲ್ಲಿ, ದೊಡ್ಡಕ್ಷರ ಚಿಕ್ಕಕ್ಷರವೆಂಬ ಭೇದವಿಲ್ಲದೆ ಬರೆಯಲಿ. ಕಲ್ಲಿಗಿಂತ ಅದಕ್ಕೆ ಖರ್ಚು ಕಡಿಮೆ.

ನಕ್ಷೆಯು ಎಲ್ಲಿಂದ ಬರಬೇಕೆಂಬ ಪ್ರಶ್ನೆಗೆ ನಮ್ಮ ನೆರೆಯ ತೆಲುಗು ಸೀಮೆಯಲ್ಲಿ ಎರಡು ಉತ್ತರಗಳು ಕಲ್ಲಿನಲ್ಲಿಯೇ ನಿಂತಿವೆ. ಮೇದಕಿನ ದೇವಾಲಯವನ್ನು ವೆಸ್ಲಿಯನ್ ಮಿಶನಿನ ಚಾರ್ಲ್ಸ್ ವಾಕರ್ ಪೋಸ್ನೆಟ್ಟರು ಕಟ್ಟಿಸಿದರು. ಅದು 1924ರ ಕ್ರಿಸ್ಮಸ್ ದಿನ ಪ್ರತಿಷ್ಠಿತವಾಯಿತು. ಬರಗಾಲದ ದಿವಸಗಳಲ್ಲಿ ಸುತ್ತಲಿನ ಹಳ್ಳಿಯವರಿಗೆ ಆ ಕಟ್ಟಡದ ಕೆಲಸವೇ ಅನ್ನವಾಯಿತು. ಹಸಿದವನಿಗೆ ಭಿಕ್ಷೆ ಹಾಕದೆ ಕೆಲಸ ಕೊಟ್ಟದ್ದು ಕ್ರಿಸ್ತನ ಮನಸ್ಸಿಗೆ ಒಪ್ಪುವ ಕಾರ್ಯವೆಂಬದರಲ್ಲಿ ಸಂದೇಹವಿಲ್ಲ. ಆದರೆ ಅದರ ರೂಪವು ಇಂಗ್ಲೆಂಡಿನ ದೊಡ್ಡ ದೇವಾಲಯಗಳದ್ದು. ಕೈ ಊರವರದು, ಕಣ್ಣು ಪರದೇಶದ್ದು. ದೋರ್ನಕಲ್ಲಿನಲ್ಲಿ ಬೇರೆ ಮಾರ್ಗ. ಅಲ್ಲಿಯ ಬಿಷಪ್ ವಿ. ಎಸ್. ಅಜರ್ಯರು 1912ರಲ್ಲಿ ಆ ಪದವಿಗೆ ಬಂದರು. ಆಂಗ್ಲಿಕನ್ ಸಭೆಯಲ್ಲಿ ಬಿಷಪರಾದ ಮೊದಲನೆಯ ಇಂಡಿಯನರು ಅವರೇ. ಅವರ ದೇವಾಲಯದಲ್ಲಿ ಗುಡಿಯ ಮಂಟಪದ ಕಂಬಗಳೂ ಮಸೀದಿಯ ಗುಮ್ಮಟಗಳೂ ಶಿಲುಬೆಯ ಕೆಳಗೆ ಒಂದಾಗಿ ನಿಂತಿವೆ. ಅದು ಮುಗಿದು ಪ್ರತಿಷ್ಠಿತವಾದದ್ದು 1939ರಲ್ಲಿ, ಅಂದರೆ ಸುಮಾರು 25 ವರ್ಷಗಳ ಕೆಲಸ. ಬಡ ಸಭೆಯ ಕೆಲಸವು ಸುಗ್ಗಿಯ ಕಾಣಿಕೆಯ ಹಾಗೆ ವರುಷ ವರುಷವೂ ಬಂದಷ್ಟು ಬರುವದು. ಎರಡರಲ್ಲಿ ಯಾವದು ಮೇಲೆಂದು ಕೇಳಿದರೆ, ನಮ್ಮ ಮನಸ್ಸು ದೋರ್ನಕಲ್ಲಿನ ಕಡೆಗೆ ಹೋಗುತ್ತದೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ.

ಗುಡಿಯ ಕಂಬವನ್ನು ನೋಡಿ ಕೆಲವರು ಬೆಚ್ಚುವದುಂಟು. ನಾವು ವಿಗ್ರಹಗಳನ್ನು ಬಿಟ್ಟುಬಂದವರು, ನಮಗೆ ಅದರ ಸೊಂಕೇ ಬೇಡ, ಎಂದು ಹೇಳುವ ಹಿರಿಯ ತಲೆಮಾರಿನವರ ಮಾತನ್ನು ತಳ್ಳಿಹಾಕಬಾರದು. ಅವರು ಬಿಟ್ಟುಬಂದದ್ದರ ಬೆಲೆಯನ್ನು ಅವರೇ ತೆತ್ತವರು. ಇನ್ನು ಕೆಲವರಿಗೆ ಆ ಗುಡಿಯ ಬಾಗಲಿನೊಳಗೆ ಪ್ರವೇಶವೇ ಇದ್ದಿಲ್ಲ. ಅವರಿಗೆ ಅದರ ಕಂಬವು ಅಂದವಾಗಿ ತೋರದಿದ್ದರೆ ಅದಕ್ಕೆ ಕಾರಣವುಂಟು. ಆದರೆ ಜಗಲಿ, ಅಂಗಳ, ಬಾವಿಕಟ್ಟೆ, ಮರದ ನೆರಳು ಇವು ಯಾವ ವಿಗ್ರಹದ ಸೊತ್ತು? ಬೆಂಗಳೂರಿನ ಬಡಗಣ ದಿಕ್ಕಿನ ಸಿಲ್ವೇಪುರದಲ್ಲಿ ಚಿತ್ರಕಾರರಾದ ಜ್ಯೋತಿ ಸಾಹಿಯವರು 1983ರಲ್ಲಿ ಒಂದು ಕಲಾಶ್ರಮವನ್ನು ಸ್ಥಾಪಿಸಿ, ಈ ನಾಡಿನ ಕ್ರೈಸ್ತ ದೇವಾಲಯಗಳ ರೂಪದ ಕುರಿತು ಬಹು ಕಾಲ ಕೆಲಸಮಾಡಿದರು. ಅದರ ವಿಷಯವಾಗಿ ‘ಹೋಲಿ ಗ್ರೌಂಡ್’ ಎಂಬ ಪುಸ್ತಕವನ್ನು 1998ರಲ್ಲಿ ಪ್ರಕಟಿಸಿದರು. ಅವರು ಹೆಚ್ಚಾಗಿ ದುಡಿದದ್ದು ನಮ್ಮ ರೋಮನ್ ಕಥೋಲಿಕ ಸಹೋದರರ ನಡುವೆ. ಅವರಲ್ಲಿಯೂ 1963ರಲ್ಲಿ ವತಿಕಾನದ ಮಹಾಸಭೆಯು, ಆರಾಧನೆಯಲ್ಲಿ ಜನರೆಲ್ಲರೂ ಪಾಲುಗಾರರಾಗಬೇಕು, ಬರೀ ನೋಡುವವರಾಗಬಾರದೆಂದು ವಿಧಿಸಿತು. ಜನರೇ ಯಾಜಕರೆಂದು ನಾವು 1520ರಿಂದಲೂ ಹೇಳುತ್ತಾ ಬಂದವರು. ಹೀಗಿರಲಾಗಿ ಕಟ್ಟಡದ ವಿಷಯದಲ್ಲಿ ನಾವು ಅವರಿಗಿಂತ ಹಿಂದೆ ಬಿದ್ದರೆ ನಾಚಿಕೆಯಲ್ಲವೇ?

ಹಣದ ಲೆಕ್ಕ. ಯೋವಾಷ ಅರಸನ ಕಾಲದಲ್ಲಿ ಯಾಜಕರು ಕಾಣಿಕೆಯನ್ನು ತಕ್ಕೊಂಡರೂ ಅವನ ಆಳಿಕೆಯ 23ನೆಯ ವರುಷದ ತನಕ ದೇವಾಲಯದ ಬಿರುಕುಗಳು ಹಾಗೆಯೇ ಇದ್ದವು. ಆಗ ಯೆಹೋಯಾದನು ಪೆಟ್ಟಿಗೆಯ ಮುಚ್ಚಳಕ್ಕೆ ತೂತು ಕೊರೆಯಿಸಿ ಯಜ್ಞವೇದಿಯ ಬಳಿಯಲ್ಲಿ ಇರಿಸಿದನು. ಕೆಲಸದವರಿಂದ ಲೆಕ್ಕ ಕೇಳಲಿಲ್ಲ, ಅವರು ನಂಬಿಗಸ್ತರಾಗಿದ್ದರೆಂದು ಅಲ್ಲಿ ಓದುತ್ತೇವೆ. ಇದನ್ನೇ ಹಿಡುಕೊಂಡು ನಮ್ಮಲ್ಲಿಯೂ ಲೆಕ್ಕ ಬೇಡವೆನ್ನುವವರು ಅದರ ಹಿಂದಿನ ವಚನವನ್ನು ಸಹ ಓದಲಿ: ಪೆಟ್ಟಿಗೆ ತುಂಬಿದಾಗ ಅರಸನ ಲೇಖಕನೂ ಮಹಾಯಾಜಕನೂ ಇಬ್ಬರೂ ಕೂಡಿ ಎಣಿಸುತ್ತಿದ್ದರು. ಲೆಕ್ಕ ಕೇಳದೆ ಬಿಟ್ಟದ್ದು ಬೆವರು ಸುರಿಸಿದ ಬಡಗಿಯಿಂದ; ಪೆಟ್ಟಿಗೆಯ ಕೀಲಿಯುಳ್ಳವರಿಂದ ಅಲ್ಲ. ಇನ್ನೊಂದು ವಿಶೇಷ: ಆ ಹಣದಿಂದ ಬೆಳ್ಳಿಯ ಪಾತ್ರೆಗಳನ್ನು ಮಾಡಿಸಲಿಲ್ಲ. ಮೊದಲು ಬಿರುಕು, ಆ ಮೇಲೆ ಬೆಳ್ಳಿ. ಪ್ರತಿ ತಿಂಗಳ ಮೊದಲನೆಯ ಭಾನುವಾರ ಜಮಾಖರ್ಚನ್ನು ಬಾಗಲಿಗೆ ಅಂಟಿಸಿ, ಓದಬಾರದವರಿಗಾಗಿ ಗಟ್ಟಿಯಾಗಿ ಓದಿಸಿದರೆ, ಅರ್ಧ ಗುಣುಗುಟ್ಟುವಿಕೆ ಅಲ್ಲಿಗೇ ನಿಲ್ಲುವದು. ಸಾಲಮಾಡಿ ಕಟ್ಟುವದಕ್ಕಿಂತ ಅಸ್ತಿವಾರ ಹಾಕಿ ಮುಂದಿನ ಸುಗ್ಗಿಯ ತನಕ ಕಾಯುವದು ಮೇಲು.

ಜೆರುಬ್ಬಾಬೆಲನ ಕಾಲದಲ್ಲಿ ಹೊಸ ಅಸ್ತಿವಾರವನ್ನು ಹಾಕಿದಾಗ ಯೌವನಸ್ಥರು ಆರ್ಭಟಿಸಿದರು. ಮೊದಲಿನ ಆಲಯವನ್ನು ಕಂಡಿದ್ದ ಮುದುಕರು ಅತ್ತರು. ಯಾವದು ಅಳುವಿಕೆ, ಯಾವದು ಆರ್ಭಟವೆಂದು ತಿಳಿಯಲಿಲ್ಲವೆಂದು ಎಜ್ರನ ಗ್ರಂಥದಲ್ಲಿದೆ. ಅಳುವವರ ಬಾಯನ್ನು ಯಾರೂ ಮುಚ್ಚಿಸಲಿಲ್ಲವೆಂಬದನ್ನು ಗಮನಿಸಿರಿ. ನಮ್ಮಲ್ಲಿ ಹಳೇ ಕಟ್ಟಡ ಬೀಳುವ ದಿನ ಒಬ್ಬ ಅಜ್ಜಿ ಅತ್ತರೆ, ಅವಳಿಗೆ ಕಾಲ ತಿಳಿಯದೆಂದು ನಗುತ್ತೇವೆ. ಅವಳು ಆ ನೆಲದ ಮೇಲೆ ಸ್ನಾನದೀಕ್ಷೆ ಹೊಂದಿದಳು, ಅಲ್ಲಿಯೇ ಅವಳ ಮದುವೆಯಾಯಿತು, ಅಲ್ಲಿಂದಲೇ ಗಂಡನ ಶವ ಹೊರಟಿತು. ಅವಳನ್ನು ಮೊದಲೇ ಕೇಳಿದ್ದರೆ ಹಳೇ ಬಾಗಲನ್ನಾದರೂ, ಕರ್ತನ ಮೇಜನ್ನಾದರೂ, ಹೊಸಲಿನ ಚಪ್ಪಡಿಯನ್ನಾದರೂ ಹೊಸ ಕಟ್ಟಡದಲ್ಲಿ ಸೇರಿಸಬಹುದಾಗಿತ್ತು. ಚಪ್ಪಡಿ ಕಲ್ಲಿಗೆ ಮುಪ್ಪಿಲ್ಲ. ತೊಲೆ ಒಳ್ಳೇದಿದ್ದರೆ ಕೊಯ್ಯಿಸಿ ಬೆಂಚು ಮಾಡಬಹುದು.

ಮಹಡಿಯ ಮೇಲೆ ಪ್ರಾರ್ಥನಾಲಯ ಕಟ್ಟುವ ಪೇಟೆಯ ಸಭೆಗಳಿಗೆ ಒಂದು ಪ್ರಶ್ನೆ. ಮೆಟ್ಟಲು ಏರಲಾರದವರು ಏನು ಮಾಡಬೇಕು? ಕಪೆರ್ನೌಮಿನಲ್ಲಿ ನಾಲ್ವರು ಪಾರ್ಶ್ವವಾಯು ರೋಗಿಯನ್ನು ಹೊತ್ತುಬಂದು ಒಳಗೆ ಜಾಗವಿಲ್ಲದ್ದರಿಂದ ಮಾಡನ್ನೇ ಬಿಚ್ಚಿ ಇಳಿಸಿದರು. ಸುವಾರ್ತೆಯಲ್ಲಿ ಕಟ್ಟಡವನ್ನು ಮಾರ್ಪಡಿಸಿದ ಸಂಗತಿಯು ಬಹುಶಃ ಅದೊಂದೇ. ಅದರ ಖರ್ಚನ್ನು ಕರ್ತನು ಕೇಳಲಿಲ್ಲ. ಗಾಲಿಕುರ್ಚಿಯು ಏರುವ ಇಳಿಜಾರಿಗೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು; ಮೂರು ಅಡಿಯ ಪೀಠವಾದರೆ 36 ಅಡಿ. 40 ಅಡಿಯ ನಿವೇಶನದಲ್ಲಿ ಇದು ಆ ಮೇಲೆ ಸಿಕ್ಕುವ ಜಾಗವಲ್ಲ. ನಕ್ಷೆಯ ಮೊದಲನೆಯ ಗೆರೆಯಲ್ಲಿಯೇ ಬರಬೇಕು. ಇಲ್ಲವೇ ಆರಾಧನೆಯನ್ನು ಕೆಳಗಿಟ್ಟು ಆಫೀಸನ್ನು ಮೇಲಕ್ಕೆ ಕಳುಹಿಸಬೇಕು. ಹಿರಿಯರು ಮೆಟ್ಟಲು ಏರಲಿ, ಆರೋಗ್ಯಕ್ಕೂ ಒಳ್ಳೇದು.

ಕೂಡುವ ವಿಷಯದಲ್ಲಿ ಇನ್ನೂ ಭಾರವಾದ ಮಾತೊಂದಿದೆ. ದಕ್ಷಿಣ ಇಂಡಿಯದ ಕೆಲವು ಸಭೆಗಳಲ್ಲಿ ಮೇಲುಜಾತಿಯಿಂದ ಬಂದವರೂ ಹೊಲಗೇರಿಯಿಂದ ಬಂದವರೂ ಬೇರೆ ಬೇರೆಯಾಗಿ ಕೂಡುತ್ತಿದ್ದರು. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ನರು ಈ ಭೇದವನ್ನು ಕೂಡಲೆ ಬಿಟ್ಟುಬಿಡಬೇಕೆಂದು ಪತ್ರ ಬರೆದರು. ಆಗ ಕೆಲವರು ಭೇದವನ್ನು ಬಿಡುವದಕ್ಕಿಂತ ಸಭೆಯನ್ನೇ ಬಿಟ್ಟರು. ಈಗ ಹಾಗಿಲ್ಲವೆಂದು ಹೇಳಿಕೊಳ್ಳುತ್ತೇವೆ. ಆದರೆ ಮುಂದೆ ಮೆತ್ತೆಯ ಕುರ್ಚಿಗಳ ಎರಡು ಸಾಲು, ಹಿಂದೆ ಬೆಂಚು, ಅದರ ಹಿಂದೆ ಚಾಪೆ ಎಂದು ನಕ್ಷೆಯಲ್ಲಿ ಬರೆದ ದಿನವೇ, ಯಾರು ಎಲ್ಲಿ ಕೂಡುವರೆಂಬದನ್ನೂ ಬರೆದಂತಾಯಿತು. ಚಾಪೆಯಾದರೆ ಎಲ್ಲರಿಗೂ ಚಾಪೆ, ಮೊಣಕಾಲು ನೋವಿನವರಿಗೆ ಗೋಡೆಯ ಬದಿಯಲ್ಲಿ ಬೆಂಚು. ಬೆಂಚಾದರೆ ಎಲ್ಲರಿಗೂ ಬೆಂಚು. ಇದನ್ನು ಇಂಜಿನಿಯರನಿಗೆ ಬಿಡಬಾರದು. ಸಭೆಯಲ್ಲಿ ಬಾಯಿಬಿಟ್ಟು ಮಾತಾಡಿ ತೀರಿಸಬೇಕು.

ಆ ಪಟ್ಟಿಯಲ್ಲಿ ಅನೇಕರು ತಂತಮ್ಮ ಮನೆಯೆದುರಿನ ಗೋಡೆಯನ್ನು ಕಟ್ಟಿದರು. ಮನೆಯ ಎದುರಿನ ಬಿರುಕಿನಿಂದ ಶತ್ರು ನುಗ್ಗಿದರೆ ಮೊದಲು ಸಾಯುವವರು ತನ್ನ ಹೆಂಡತಿ ಮಕ್ಕಳೆಂದು ತಿಳಿದವನು ಕಲ್ಲನ್ನು ಸಡಿಲವಾಗಿ ಇಡುವದಿಲ್ಲ. ಅವರ ನಡುವೆ ಬೆರೆಕ್ಯನ ಮಗನಾದ ಮೆಷುಲ್ಲಾಮನಿದ್ದಾನೆ. ಅವನು ತನ್ನ ಕೊಠಡಿಯೆದುರಿನ ಗೋಡೆಯನ್ನು ಕಟ್ಟಿದನೆಂದಿದೆ. ಮನೆಯೆಂಬ ಮಾತು ಅಲ್ಲಿಲ್ಲ. ಒಂದು ಕೊಠಡಿ ಮಾತ್ರ. ಅದೇ ಹೆಸರು ಅಧ್ಯಾಯದ ಮೊದಲಲ್ಲಿಯೂ ಬರುವದರಿಂದ ಅವನಿಗೂ ಎರಡು ಪಾಲು. ರಾಜಾಜಿನಗರ, ವಿಜಯನಗರಗಳ ಹಿಂದಣ ಗಲ್ಲಿಗಳಲ್ಲಿ ಒಂದೇ ಕೊಠಡಿಯನ್ನು ಬಾಡಿಗೆಗೆ ಹಿಡಿದು, ಕಾರಖಾನೆಯಲ್ಲಿಯೂ ಗಾರ್ಮೆಂಟಿನಲ್ಲಿಯೂ ದುಡಿದು, ಹಳ್ಳಿಯ ತಾಯಿತಂದೆಗಳಿಗೆ ಹಣ ಕಳುಹಿಸುವ ನಮ್ಮ ಮಕ್ಕಳು ಎಷ್ಟೋ ಮಂದಿ ಇದ್ದಾರೆ. ಅವರ ಹೆಸರು ಊರಿನ ಸಭೆಯ ಪಟ್ಟಿಯಲ್ಲಿಯೂ ಇಲ್ಲ, ಪೇಟೆಯ ಸಭೆಯ ಪಟ್ಟಿಯಲ್ಲಿಯೂ ಇಲ್ಲ. ವಂತಿಗೆ ಕೇಳುವಾಗ ಇಬ್ಬರೂ ಬರುತ್ತಾರೆ, ನಕ್ಷೆ ತೋರಿಸುವಾಗ ಯಾರೂ ಬರುವದಿಲ್ಲ. ವಾರದಲ್ಲಿ ಅವರಿಗೆ ರಜೆ ಇರುವದು ಒಂದು ದಿವಸ. ಆರಾಧನೆಯಾದ ಮೇಲೆ ಒಂದು ತಾಸು ಅವರನ್ನು ನಿಲ್ಲಿಸಿಕೊಂಡು, ನಕ್ಷೆಯನ್ನು ನೆಲದ ಮೇಲೆ ಹಾಸಿ, ಯಾವ ಕಿಟಕಿ, ಯಾವ ಗೋಡೆ, ಯಾವ ಮೆಟ್ಟಲು ಅವರ ಪಾಲೆಂದು ಕೇಳಿರಿ.